ಸುಳಿ ಮತ್ತು ಪಕ್ಕೆಲುಬು: ದುಡಿಯುವ ಕುದುರೆಯ ರಕ್ಷಣೆ ಹಾಗೂ ಒಡೆಯನ ತಿಳಿವಳಿಕೆಯ ಚರಿತ್ರೆ

ಕುದುರೆಯನ್ನು ಕೊಳ್ಳುವ ಮುನ್ನ ಅದರ ಸುಳಿ ನೋಡುವುದು ನಮ್ಮ ನಾಡಿನ ಹಳೆಯ ಪದ್ಧತಿ. ಮೈಕೂದಲು ಯಾವ ಭಾಗದಲ್ಲಿ ಸುತ್ತಿಕೊಂಡಿದೆ, ಒಂಟಿಯಾಗಿದೆಯೋ ಜೋಡಿಯಾಗಿದೆಯೋ, ಯಾವ ಕಡೆಗೆ ತಿರುಗಿದೆ ಎಂಬುದನ್ನು ಗಮನಿಸಿ ಆ ಪ್ರಾಣಿ ಮನೆಗೆ ಒಳಿತು ತರುವುದೋ ಕೇಡು ತರುವುದೋ ಎಂದು ನಿರ್ಣಯಿಸಲಾಗುತ್ತದೆ. ಕೊರಳಿನ ಭಾಗದಲ್ಲಿರುವ ದೇವಮಣಿ ಶುಭವೆಂದೂ, ನಾಲ್ಕು ಕಾಲು ಮತ್ತು ಮುಖ ಬೆಳ್ಳಗಿರುವ ಪಂಚಕಲ್ಯಾಣಿ ಕುದುರೆ ಮಂಗಳಕರವೆಂದೂ ಸಂಸ್ಕೃತ ಶಾಸ್ತ್ರಗ್ರಂಥಗಳಿಂದ ಹಿಡಿದು ಸಂತೆಯ ದಲ್ಲಾಳಿಯವರೆಗೆ ಎಲ್ಲರೂ ಹೇಳುತ್ತ ಬಂದಿದ್ದಾರೆ. ಎತ್ತುಗಳ ವಿಷಯದಲ್ಲಿಯೂ ಇದೇ ಬಗೆಯ ಪರೀಕ್ಷೆ ಇದೆಯೆಂಬುದು ಜಾನಪದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ.

ಇದರ ಪಕ್ಕದಲ್ಲಿ ಇನ್ನೊಂದು ಪರೀಕ್ಷೆಯನ್ನು ಇಟ್ಟು ನೋಡಬಹುದು. 1983ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಡಾನ್ ಹೆನ್ನೆಕೆ ಮತ್ತು ಅವರ ಸಹಸಂಶೋಧಕರು ಕುದುರೆಯ ಮೈತುಂಬುವಿಕೆಯನ್ನು 1ರಿಂದ 9ರವರೆಗಿನ ಅಂಕಗಳಲ್ಲಿ ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಕುತ್ತಿಗೆ, ಹೆಗಲ ಮೇಲಿನ ಉಬ್ಬು, ಭುಜದ ಹಿಂಭಾಗ, ಪಕ್ಕೆಲುಬು, ಸೊಂಟ ಮತ್ತು ಬಾಲದ ಬುಡ ಎಂಬ ಆರು ಭಾಗಗಳನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಅಂಕ ಕೊಡುವುದು ಈ ಕ್ರಮ. ಎಲುಬಿನ ಗೂಡಾದ ಕುದುರೆಗೆ 1, ಅತಿಯಾಗಿ ಕೊಬ್ಬಿದ ಕುದುರೆಗೆ 9. ಪಕ್ಕೆಲುಬು ಹೊರಗೆ ಕಾಣದೆ, ಮುಟ್ಟಿದರೆ ಸುಲಭವಾಗಿ ಕೈಗೆ ಸಿಗುವಂತಿದ್ದರೆ ಅದು 5. ನಿರ್ಲಕ್ಷ್ಯಕ್ಕೊಳಗಾದ ಕುದುರೆಗಳನ್ನು ವಶಪಡಿಸಿಕೊಳ್ಳುವ ಪ್ರಕರಣಗಳಲ್ಲಿಯೂ, ದತ್ತು ಕೊಡುವ ಶಿಬಿರಗಳಲ್ಲಿ ಹೊಸ ಒಡೆಯರಿಗೆ ಪಾಠ ಹೇಳುವಾಗಲೂ ಈ ಕ್ರಮ ಬಳಕೆಯಾಗುತ್ತಿದೆ.

ಎರಡೂ ಪರೀಕ್ಷೆಗಳು ಕುದುರೆಯ ಮೈಯನ್ನು ಓದುತ್ತವೆ. ಆದರೆ ಸುಳಿ ನೋಡುವವನು ಒಡೆಯನಿಗೆ ಮುಂದೆ ಒದಗಲಿರುವುದನ್ನು ಆ ಮೈಯಲ್ಲಿ ಓದುತ್ತಾನೆ. ಪಕ್ಕೆಲುಬು ಮುಟ್ಟುವವನು ಒಡೆಯ ಇಲ್ಲಿಯವರೆಗೆ ಮಾಡಿರುವುದನ್ನು ಓದುತ್ತಾನೆ. ಕಳೆದ ಎರಡು ಶತಮಾನಗಳ ಕುದುರೆ ರಕ್ಷಣೆಯ ಚರಿತ್ರೆಯನ್ನು ಸಾಮಾನ್ಯವಾಗಿ ಕರುಣೆಯ ಬೆಳವಣಿಗೆಯ ಕಥೆಯಾಗಿ ಬರೆಯಲಾಗಿದೆ. ನನ್ನ ದೃಷ್ಟಿಯಲ್ಲಿ ಅದು ಒಡೆಯನನ್ನು ಹೇಗೆ ಕಾಣಲಾಯಿತು ಎಂಬುದರ ಕಥೆಯೂ ಹೌದು. ಆತನನ್ನು ಮೊದಲು ಅಪರಾಧಿಯೆಂದು, ಅನಂತರ ಮಾರಾಟಗಾರನೆಂದು, ಒಪ್ಪಂದಕ್ಕೆ ಸಹಿ ಹಾಕುವ ಕಕ್ಷಿಯೆಂದು, ಬಹಳ ತಡವಾಗಿ ತಿಳಿದವನೆಂದು ಕಾಣಲಾಯಿತು. ಈ ಮಾತನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವ್ಯಾಪಾರಿಯ ಕುದುರೆ, ಸಿಲ್ಲೇದಾರನ ಕುದುರೆ

ಕನ್ನಡದಲ್ಲಿ ಕುದುರೆಯ ಶಾಸ್ತ್ರಕ್ಕೆ ಲಿಖಿತ ಪರಂಪರೆ ಇದೆ. ಅಭಿನವ ಚಂದ್ರನು ಅಶ್ವವೈದ್ಯವನ್ನು ಕುರಿತು ಗ್ರಂಥ ರಚಿಸಿದ್ದಾನೆ. ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ ಪದ್ಮಣ ಪಂಡಿತನು 1627ರಲ್ಲಿ ಹಯಸಾರಸಮುಚ್ಚಯವನ್ನು ಬರೆದನು. ಇವು ಅರಮನೆಯ ಲಾಯವನ್ನು ಗಮನದಲ್ಲಿಟ್ಟುಕೊಂಡ ಕೃತಿಗಳು. ಲಾಯದಲ್ಲಿ ಸಗಣಿ ಬಾಚಿ, ಹುರುಳಿ ಬೇಯಿಸಿ, ಗೊರಸು ಕೆತ್ತಿ, ಲಾಳ ಕಟ್ಟುತ್ತಿದ್ದವರ ತಿಳಿವು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿಬಂದಿತೇ ಹೊರತು ಗ್ರಂಥವಾಗಲಿಲ್ಲ. ಈ ಎರಡರ ನಡುವಿನ ಅಂತರ ಸಣ್ಣದಲ್ಲ.

ಈ ತಿಳಿವು ಇಲ್ಲದಿದ್ದರೆ ಯಾರಿಗೆ ಲಾಭ ಎಂಬ ಪ್ರಶ್ನೆಗೆ ಮಧ್ಯಯುಗದ ಪ್ರವಾಸಿಗರ ಬರಹಗಳಲ್ಲಿ ಉತ್ತರ ದೊರೆಯುತ್ತದೆ. ಹದಿಮೂರನೆಯ ಶತಮಾನದ ಕೊನೆಯ ಭಾಗದ ಸ್ಥಿತಿಯನ್ನು ವರ್ಣಿಸುವ ಮಾರ್ಕೊ ಪೋಲೊ, ಮಾಬರ್ ಎಂದು ಕರೆಯಲಾಗುತ್ತಿದ್ದ ತಮಿಳು ಕರಾವಳಿಗೆ ಅರೇಬಿಯಾ ಮತ್ತು ಪರ್ಷಿಯಾ ಕಡಲಂಚಿನಿಂದ ಪ್ರತಿವರ್ಷ ಅಪಾರ ಸಂಖ್ಯೆಯ ಕುದುರೆಗಳು ಬರುತ್ತಿದ್ದವೆಂದೂ, ಸಾಕಣೆ ಅರಿಯದ ಕಾರಣ ಅವುಗಳಲ್ಲಿ ಬಹುಪಾಲು ಸಾಯುತ್ತಿದ್ದವೆಂದೂ ಹೇಳುತ್ತಾನೆ. ಅವನು ಹೇಳುವ ಇನ್ನೊಂದು ಸಂಗತಿ ಹೆಚ್ಚು ಮುಖ್ಯವಾದುದು. ಕುದುರೆ ವ್ಯಾಪಾರಿಗಳು ತಾವೂ ಲಾಳ ಕಟ್ಟಿ ಚಿಕಿತ್ಸೆ ಮಾಡಬಲ್ಲವರನ್ನು ಕರೆತರುತ್ತಿರಲಿಲ್ಲ, ಬೇರೆಯವರು ಅಲ್ಲಿಗೆ ಹೋಗಲೂ ಬಿಡುತ್ತಿರಲಿಲ್ಲ. ಸತ್ತಷ್ಟೂ ಹೊಸದಾಗಿ ಮಾರಬಹುದಲ್ಲವೆ? ಪರದೇಶಿ ಪ್ರವಾಸಿಯ ಮಾತನ್ನು ಪೂರ್ತಿಯಾಗಿ ನಂಬಬೇಕಾಗಿಲ್ಲ. ದಕ್ಷಿಣದವರಿಗೆ ಕುದುರೆಯ ಅರಿವೇ ಇರಲಿಲ್ಲವೆಂಬುದು ಉತ್ಪ್ರೇಕ್ಷೆ. ಆದರೂ ಒಡೆಯನ ಅಜ್ಞಾನವೇ ವ್ಯಾಪಾರಿಯ ಬಂಡವಾಳವಾಗಬಲ್ಲದು ಎಂಬುದನ್ನು ಇಷ್ಟು ಹಿಂದೆಯೇ ಒಬ್ಬನು ಗುರುತಿಸಿದ್ದು ಗಮನಾರ್ಹ.

ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ ನ್ಯೂನಿಜ್ ವಿಜಯನಗರದ ಬಗ್ಗೆ ಬರೆದಿರುವುದು ಇದಕ್ಕೆ ಪೂರಕವಾಗಿದೆ. ಸಾಳುವ ನರಸಿಂಹನು ಹೊರಗಿನಿಂದ ಬರುವ ಕುದುರೆಗಳನ್ನು ಸತ್ತಿರಲಿ ಬದುಕಿರಲಿ ಕೊಳ್ಳುತ್ತಿದ್ದನಂತೆ. ಕಡಲಲ್ಲೇ ಸತ್ತವುಗಳ ಬಾಲವನ್ನಷ್ಟೇ ತಂದು ತೋರಿಸಿದರೂ ಹಣ ಕೊಡುತ್ತಿದ್ದನಂತೆ. ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ವಿದೇಶೀಯರು ಕುದುರೆಗಳನ್ನು ನಡೆಸಿಕೊಂಡು ಬರುವ ದೃಶ್ಯಗಳನ್ನು ನೋಡುವಾಗ ಕಲ್ಲಿಗೇರದೆ ಉಳಿದ ಆ ಬಾಲಗಳೂ ನೆನಪಾಗುತ್ತವೆ. ಅಶ್ವಬಲವೇ ರಾಜ್ಯಬಲವಾಗಿದ್ದ ಕಾಲದಲ್ಲಿ ಈ ಕ್ರಮಕ್ಕೆ ತನ್ನದೇ ಆದ ತರ್ಕವಿತ್ತು. ಆದರೆ ಸತ್ತ ಕುದುರೆಗೂ ಬೆಲೆ ಸಿಗುವಲ್ಲಿ ಅದನ್ನು ಹಡಗಿನಲ್ಲಿ ಜೋಪಾನವಾಗಿ ತರಬೇಕೆಂಬ ಒತ್ತಡ ಎಲ್ಲಿಂದ ಬರಬೇಕು?

ಇದಕ್ಕೆ ತದ್ವಿರುದ್ಧವಾದ ವ್ಯವಸ್ಥೆ ಸಿಲ್ಲೇದಾರಿ. ಸಿಲ್ಲೇದಾರನು ಸ್ವಂತ ಕುದುರೆ ತಂದು ಸೈನ್ಯದಲ್ಲಿ ಸೇವೆ ಮಾಡುವವನು. ಬೇರೆಯವರ ಕುದುರೆ ಏರುವವನು ಬಾರ್ಗೀರ. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನವು 4,000 ಕುದುರೆ ಸವಾರರನ್ನು ಸಿದ್ಧವಾಗಿಡಬೇಕಾಗಿದ್ದಾಗ ಸಿಲ್ಲೇದಾರ ದಳಗಳೇ ಅದರ ಆಧಾರವಾಗಿದ್ದವು. ಕುದುರೆ ಸತ್ತರೆ ಸಿಲ್ಲೇದಾರನ ಜೀವನೋಪಾಯಕ್ಕೇ ಕುತ್ತು. ಆ ಕಾರಣ ಅವನು ಯುದ್ಧದಲ್ಲಿ ಕುದುರೆಯನ್ನು ಅಪಾಯಕ್ಕೆ ಒಡ್ಡಲು ಹಿಂಜರಿಯುತ್ತಾನೆಂಬುದು ಸೇನಾಧಿಕಾರಿಗಳ ಹಳೆಯ ದೂರು. ದಂಡನಾಯಕನಿಗೆ ದೋಷವಾಗಿ ಕಂಡ ಆ ಹಿಂಜರಿಕೆಯೇ ಕುದುರೆಯ ಪಾಲಿಗೆ ರಕ್ಷಣೆಯಾಗಿತ್ತು. ಪ್ರಾಣಿದಯೆಯ ಸಂಘಗಳಿನ್ನೂ ಹುಟ್ಟದಿದ್ದ ಕಾಲವದು.

ಕಾನೂನಿನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ರಿಚರ್ಡ್ ಮಾರ್ಟಿನ್ ಅವರ ಪ್ರಯತ್ನದಿಂದ 1822ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕುದುರೆ, ಕತ್ತೆ, ದನ ಮುಂತಾದವುಗಳ ಮೇಲಿನ ಕ್ರೌರ್ಯವನ್ನು ದಂಡನೀಯವಾಗಿಸಿತು. 1824ರಲ್ಲಿ ಲಂಡನ್ನಿನಲ್ಲಿ ಪ್ರಾಣಿದಯಾ ಸಂಘ ಸ್ಥಾಪನೆಯಾಯಿತು, 1861ರಲ್ಲಿ ಕಲ್ಕತ್ತೆಯಲ್ಲಿ. ಭಾರತದಲ್ಲಿ 1890ರ ಕಾಯಿದೆಯ ಜಾಗಕ್ಕೆ, ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆಯ ಪ್ರೇರಣೆಯಿಂದ, 1960ರ ಕಾಯಿದೆ ಬಂದಿತು. ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಮಾಡಿದ ನಿಯಮಗಳು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದೆ ಐದು ಗಂಟೆ ಮೀರಬಾರದು, ತಾಪಮಾನ 37 ಡಿಗ್ರಿ ದಾಟುವ ಪ್ರದೇಶಗಳಲ್ಲಿ ನಡುಹಗಲು ಹನ್ನೆರಡರಿಂದ ಮೂರರವರೆಗೆ ಗಾಡಿ ಹೂಡಬಾರದು ಎನ್ನುತ್ತವೆ. ಒಳ್ಳೆಯ ನಿಯಮಗಳೇ. ಆದರೆ ಇವುಗಳ ಕಣ್ಣಿಗೆ ಬೀಳುವವನು ಬೀದಿಯಲ್ಲಿರುವ ಗಾಡಿಯವನು. ಬಾಡಿಗೆಯನ್ನು ಇಳಿಸಿ ಹೇರನ್ನು ಏರಿಸಿದ ಸಾಹುಕಾರನು ಬೀದಿಯಲ್ಲಿರುವುದಿಲ್ಲ.

ದಂಡದ ಬದಲು ತಿಳಿವಳಿಕೆಯ ದಾರಿ ಹಿಡಿದ ಮೊದಲ ದೊಡ್ಡ ಪ್ರಯತ್ನ ಅಧಿಕಾರಿಗಳಿಂದ ಬರಲಿಲ್ಲ, ಕಾಯಿಲೆಯಿಂದ ನಡೆಯಲಾರದೆ ಮನೆಯಲ್ಲಿದ್ದ ಲೇಖಕಿಯೊಬ್ಬರಿಂದ ಬಂದಿತು. ಅನ್ನಾ ಸೀವೆಲ್ ಅವರ ಬ್ಲ್ಯಾಕ್ ಬ್ಯೂಟಿ 1877ರಲ್ಲಿ ಪ್ರಕಟವಾಯಿತು. ಇಂದು ಅದನ್ನು ಮಕ್ಕಳ ಪುಸ್ತಕವೆಂದು ಓದಲಾಗುತ್ತಿದ್ದರೂ ಲೇಖಕಿಯ ಉದ್ದೇಶಿತ ಓದುಗರು ಕುದುರೆಗಳೊಂದಿಗೆ ದುಡಿಯುವ ಜನ. ಕುದುರೆಯೇ ತನ್ನ ಆತ್ಮಕಥೆ ಹೇಳಿಕೊಳ್ಳುವ ಆ ತಂತ್ರಕ್ಕೆ ಮುಂದೆ ಮರಳಿ ಬರುತ್ತೇನೆ.

ಕೈರೋದ ಮುದಿ ಕುದುರೆಗಳು

ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಹೈದರಾಬಾದ್ ಮತ್ತು ಜೋಧಪುರದ ದಳಗಳೊಂದಿಗೆ ಈಜಿಪ್ಟ್ ಮತ್ತು ಪ್ಯಾಲೆಸ್ತೀನ್ ರಣರಂಗದಲ್ಲಿತ್ತು. ಮೊದಲು ಸೂಯೆಜ್ ಕಾಲುವೆಯ ಕಾವಲು, ಕೊನೆಗೆ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ವಶಪಡಿಸಿಕೊಂಡ ಪ್ರಸಿದ್ಧ ದಾಳಿ. ಈ ಸೈನಿಕರ ನೆನಪಿಗೆ ದೆಹಲಿಯಲ್ಲಿ ತೀನ್ ಮೂರ್ತಿ ಸ್ಮಾರಕವಿದೆ, ಬೆಂಗಳೂರಿನಲ್ಲಿಯೂ ಒಂದು ಸ್ಮಾರಕವಿದೆ. ಕರ್ನಾಟಕದ ಓದುಗರಿಗೆ ಆ ರಣರಂಗ ಅಪರಿಚಿತವಲ್ಲವೆಂದು ನೆನಪಿಸಲು ಇದನ್ನು ಹೇಳಿದೆ. ಅದೇ ರಣರಂಗದ ಕುದುರೆಗಳ ಮುಂದಿನ ಕಥೆ ಮಾತ್ರ ನಮ್ಮಲ್ಲಿ ಅಷ್ಟಾಗಿ ಪ್ರಚಲಿತವಾಗಿಲ್ಲ.

ಯುದ್ಧ ಮುಗಿದಾಗ ಸೈನಿಕರು ಮರಳಿದರು. ಬಹುಪಾಲು ಕುದುರೆಗಳು ಮರಳಲಿಲ್ಲ. ಆಸ್ಟ್ರೇಲಿಯದಿಂದ ಹೊರದೇಶದ ರಣರಂಗಗಳಿಗೆ ಹೋದ ಸುಮಾರು 1,36,000 ಕುದುರೆಗಳಲ್ಲಿ ಸ್ವದೇಶಕ್ಕೆ ಹಿಂದಿರುಗಿದ್ದು ಒಂದೇ ಒಂದು, ಜನರಲ್ ಬ್ರಿಡ್ಜಸ್ ಅವರ ಸ್ಯಾಂಡಿ. ಬ್ರಿಟಿಷ್ ಸೇನೆಯ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲಿಯೇ ಮಾರಲಾಯಿತು. ಗಾಡಿಗೆ, ಕಲ್ಲುಗಣಿಗೆ, ಇಟ್ಟಿಗೆ ಹೇರಿಗೆ ಸೇರಿದ ಆ ಕುದುರೆಗಳು ಹತ್ತು ಹನ್ನೆರಡು ವರ್ಷಗಳ ಬಳಿಕವೂ ಕೈರೋದ ಬೀದಿಗಳಲ್ಲಿ ದುಡಿಯುತ್ತಿದ್ದವು. 1930ರಲ್ಲಿ ಸೇನಾಧಿಕಾರಿಯಾದ ಪತಿಯೊಂದಿಗೆ ಅಲ್ಲಿಗೆ ಬಂದ ಡೊರೊಥಿ ಬ್ರೂಕ್ ಅವರು ತೊಡೆಯ ಮೇಲೆ ಸುಟ್ಟೊತ್ತಿದ ಸೇನೆಯ ಬಾಣದ ಗುರುತಿನಿಂದ ಅವುಗಳನ್ನು ಗುರುತಿಸಿದರು. 1931ರಲ್ಲಿ ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆಗೆ ಅವರು ಬರೆದ ಪತ್ರಕ್ಕೆ ಓದುಗರು ಹಣ ಕಳುಹಿಸಿ ಸ್ಪಂದಿಸಿದರು. ಆ ಹಣದಿಂದ ಸಮಿತಿಯೊಂದು ಮೂರು ವರ್ಷಗಳಲ್ಲಿ ಸುಮಾರು 5,000 ಮುದಿ ಸೇನಾ ಕುದುರೆಗಳನ್ನು ಒಡೆಯರಿಂದ ಕೊಂಡುಕೊಂಡಿತು. ಅವುಗಳಲ್ಲಿ ಹೆಚ್ಚಿನವು ಎಷ್ಟು ಕೃಶವಾಗಿದ್ದವೆಂದರೆ ನೋವಿಲ್ಲದ ಸಾವನ್ನಷ್ಟೇ ಅವುಗಳಿಗೆ ಕೊಡಲು ಸಾಧ್ಯವಾಯಿತು.

ಇಲ್ಲಿಯವರೆಗಿನದು ಬಹಳ ಸಲ ಹೇಳಿದ ಕಥೆ. ನನಗೆ ಮುಖ್ಯವೆನಿಸುವುದು ಅದರ ನಂತರದ ತಿರುವು. ಕೊಂಡ ಕುದುರೆ ಹೋದ ಮೇಲೂ ಅದರ ಗಾಡಿ ಉಳಿದಿತ್ತು, ಗಾಡಿಯವನ ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು. ಬಂದ ಹಣದಲ್ಲಿ ಅವನು ಇನ್ನೊಂದು ಪ್ರಾಣಿಯನ್ನು ಹೂಡದೆ ಬೇರೆ ದಾರಿಯಿರಲಿಲ್ಲ. ಸೇನೆಯ ಗುರುತು ಹೊತ್ತ ಕುದುರೆಗಳ ಸಂಖ್ಯೆಗೆ ಮಿತಿಯಿತ್ತು; ಗುರುತಿಲ್ಲದ ಕುದುರೆಗಳಿಗೂ ಕತ್ತೆಗಳಿಗೂ ಮಿತಿಯಿರಲಿಲ್ಲ. 1934ರಲ್ಲಿ ಬ್ರೂಕ್ ಅವರು ಕೈರೋದಲ್ಲಿ ಹಳೆಯ ಯುದ್ಧಾಶ್ವಗಳ ಸ್ಮಾರಕ ಆಸ್ಪತ್ರೆಯನ್ನು ಸ್ಥಾಪಿಸಿ ದುಡಿಯುವ ಕುದುರೆ ಕತ್ತೆಗಳಿಗೆಲ್ಲ ಉಚಿತ ಚಿಕಿತ್ಸೆಯ ಏರ್ಪಾಡು ಮಾಡಿದಾಗ ಕೆಲಸದ ಸ್ವರೂಪವೇ ಬದಲಾಯಿತು. ಮಾರಿದ ಒಡೆಯನು ಹಣ ಎಣಿಸಿಕೊಂಡು ಹೊರಟುಹೋಗುತ್ತಾನೆ. ಚಿಕಿತ್ಸೆಗೆ ತಂದವನು ಮರುದಿನವೂ ಬರುತ್ತಾನೆ. ಹುಣ್ಣು ಏಕಾಯಿತು, ಜೀನಿನ ಯಾವ ತುದಿ ಉಜ್ಜುತ್ತಿದೆ ಎಂದು ಅವನೊಂದಿಗೆ ಮಾತನಾಡಲೇಬೇಕಾಗುತ್ತದೆ. ಸೇನೆಯ ಕುದುರೆ ಎಂಬ ಅಭಿಮಾನದಿಂದ ಹುಟ್ಟಿದ ಕಾರ್ಯ ಹೀಗೆ ಪರದೇಶದ ಬಡ ಗಾಡಿಯವನೊಂದಿಗಿನ ನಿತ್ಯ ವ್ಯವಹಾರವಾಗಿ ಮಾರ್ಪಟ್ಟಿತು. ವಸಾಹತುಶಾಹಿಯ ಯಜಮಾನಿಕೆಯ ಛಾಯೆ ಈ ವ್ಯವಹಾರದಲ್ಲಿ ಇರಲಿಲ್ಲವೆಂದು ಹೇಳಲಾಗದು. ಕುದುರೆಗಳನ್ನು ಅಲ್ಲಿ ಮಾರಿದ್ದು ಸಾಮ್ರಾಜ್ಯದ ಸೇನೆ. ಬಡಕಲಾಗಿಸಿದ ಅಪವಾದ ಹೊತ್ತವನು ಈಜಿಪ್ಟಿನ ಗಾಡಿಯವನು.

ದತ್ತು ಮತ್ತು ಒಪ್ಪಂದ

ಕುದುರೆಯನ್ನು ದತ್ತು ಕೊಡುವ ಪದ್ಧತಿ ವ್ಯಾಪಕವಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿನ ಪಶ್ಚಿಮದ ಬಯಲುಗಳಲ್ಲಿ ಒಡೆಯರಿಲ್ಲದೆ ಅಲೆಯುವ ಮಸ್ಟಾಂಗ್ ಕುದುರೆಗಳ ಬೇಟೆಯ ವಿರುದ್ಧ ನೆವಾಡದ ವೆಲ್ಮಾ ಜಾನ್‌ಸ್ಟನ್ ಅವರು ನಡೆಸಿದ ಹೋರಾಟದ ಫಲವಾಗಿ 1959ರಲ್ಲಿ ಒಂದು ಕಾಯಿದೆಯೂ, 1971ರಲ್ಲಿ ಆ ಕುದುರೆಗಳಿಗೆ ರಾಷ್ಟ್ರೀಯ ರಕ್ಷಣೆ ನೀಡುವ ಇನ್ನೊಂದು ಕಾಯಿದೆಯೂ ಬಂದವು. ರಕ್ಷಣೆ ದೊರೆತ ಕುದುರೆಗಳ ಸಂಖ್ಯೆ ಬೆಳೆದಂತೆ ಹೆಚ್ಚಾದವನ್ನು ಹಿಡಿದು ಸಾರ್ವಜನಿಕರಿಗೆ ದತ್ತು ಕೊಡುವ ಯೋಜನೆ 1976ರಲ್ಲಿ ದೇಶವ್ಯಾಪಿಯಾಯಿತು. 1978ರ ತಿದ್ದುಪಡಿಯು ಒಬ್ಬರಿಗೆ ವರ್ಷಕ್ಕೆ ನಾಲ್ಕೇ ಎಂಬ ಸಾಮಾನ್ಯ ಮಿತಿಯನ್ನು ಹಾಕಿತು. ಒಂದು ವರ್ಷ ಚೆನ್ನಾಗಿ ಸಾಕಿದ ಮೇಲಷ್ಟೇ ಒಡೆತನದ ಪತ್ರ ಎಂದು ಗೊತ್ತುಮಾಡಿತು.

ದತ್ತು ಎಂಬ ನಮ್ಮ ಮಾತು ಇಲ್ಲಿ ಸರಿಹೊಂದುವುದೇ ಎಂದು ಕೇಳಬಹುದು. ದತ್ತುಮಗನಿಗೆ ಮನೆತನದಲ್ಲಿ ಹಕ್ಕು ಬರುತ್ತದೆ. ದತ್ತು ಹೋದ ಕುದುರೆಗೆ ಮೇವಿನ ಭರವಸೆಯಷ್ಟೇ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಹಸುವನ್ನೋ ಕುರಿಯನ್ನೋ ಪಾಲಿಗೆ ಸಾಕಲು ಕೊಡುವ ರೂಢಿಯಿದೆ. ಪ್ರಾಣಿ ಕೊಟ್ಟವನದೇ, ಸಾಕುವವನು ಮಾತ್ರ ಬೇರೆ. ಕೊಟ್ಟವನು ಆಗಾಗ ಬಂದು ನೋಡುವ ಹಕ್ಕುಳ್ಳವನು. ಅಮೆರಿಕದ ಆ ಮೊದಲ ವರ್ಷದ ವ್ಯವಸ್ಥೆಗೆ ಈ ರೂಢಿಯೇ ಹತ್ತಿರದ್ದು. ದೇವರ ಹೆಸರಿನಲ್ಲಿ ಬಸವನನ್ನು ಬಿಟ್ಟಾಗ ಊರೆಲ್ಲ ಮೇಯಿಸುವ ಪದ್ಧತಿ ಇದಕ್ಕಿಂತ ಭಿನ್ನ, ಅಲ್ಲಿ ಒಡೆತನವೇ ಸಮುದಾಯದ್ದು.

ಒಡೆಯನ ಯೋಗ್ಯತೆಯ ಪರೀಕ್ಷೆಯನ್ನು ಸಡಿಲಿಸಿದಾಗ ಏನಾಗುತ್ತದೆಂಬುದಕ್ಕೂ ಇದೇ ಯೋಜನೆ ನಿದರ್ಶನ ಒದಗಿಸುತ್ತದೆ. 1984ರಿಂದ 1988ರವರೆಗೆ ಶುಲ್ಕವನ್ನು ಮನ್ನಾ ಮಾಡಿ ದೊಡ್ಡ ಗುಂಪುಗಳಲ್ಲಿ ಸುಮಾರು 20,000 ಕುದುರೆಗಳನ್ನು ಹಂಚಲಾಯಿತು. ಅವುಗಳಲ್ಲಿ ಸಾವಿರಾರು ಕಸಾಯಿಖಾನೆ ಸೇರಿದುದನ್ನು 1990ರ ಸರ್ಕಾರಿ ಪರಿಶೋಧನೆ ಬಯಲಿಗೆ ತಂದಿತು. 2019ರಲ್ಲಿ ದತ್ತು ಪಡೆದವರಿಗೆ ಕುದುರೆಗೆ 1,000 ಡಾಲರ್‌ನಂತೆ ಪ್ರೋತ್ಸಾಹಧನ ಕೊಡುವ ಕ್ರಮ ಬಂದಾಗಲೂ, ಹಣ ಕೈಸೇರಿದ ಕೂಡಲೇ ಕೆಲವರು ಕುದುರೆಗಳನ್ನು ಕಸಾಯಿಯ ಹರಾಜಿಗೆ ಸಾಗಿಸಿದ್ದು 2021ರಲ್ಲಿ ಪತ್ರಿಕೆಗಳಿಂದ ಬೆಳಕಿಗೆ ಬಂದಿತು. ಮೂರು ದಶಕಗಳ ಅಂತರದಲ್ಲಿ ಒಂದೇ ತಪ್ಪು ಎರಡು ಸಲ. ಬೇರೆ ಬೇರೆ ಹೆಸರಿನಲ್ಲಿ ಅಷ್ಟೆ.

ಸ್ಥಳೀಯ ಮಟ್ಟದ ರಕ್ಷಣಾ ತಂಡಗಳ ದತ್ತು ಶಿಬಿರಗಳಲ್ಲಿ ಬೇರೆಯ ಕ್ರಮ ರೂಪುಗೊಂಡಿತು. ಅಮೆರಿಕದ ಪ್ರಾಣಿದಯಾ ಸಂಘವು ಏಪ್ರಿಲ್ 26ನ್ನು ಕುದುರೆಗಳಿಗೆ ನೆರವಾಗುವ ದಿನವೆಂದು ಗೊತ್ತುಮಾಡಿ ಇಂತಹ ಶಿಬಿರಗಳಿಗೆ ಬೆಂಬಲ ನೀಡಿತು. ಅಲ್ಲಿ ನಡೆಯುವುದು ಒಂದು ಬಗೆಯ ಜಾತ್ರೆಯೇ. ಸುಧಾರಿಸಿಕೊಂಡ ಕುದುರೆಗಳನ್ನು ಅಂಗಳದಲ್ಲಿ ನಡೆಸಿ ತೋರಿಸಲಾಗುತ್ತದೆ, ಮಕ್ಕಳು ಮೈ ತಿಕ್ಕಲು ಕಲಿಯುತ್ತಾರೆ, ಪಶುವೈದ್ಯರು ಹಲ್ಲು ನೋಡಿ ವಯಸ್ಸು ಹೇಳುವುದನ್ನು ತೋರಿಸುತ್ತಾರೆ, ಗೊರಸು ಕೆತ್ತುವವರು ಎಷ್ಟು ವಾರಕ್ಕೊಮ್ಮೆ ಏಕೆ ಕೆತ್ತಬೇಕೆಂದು ವಿವರಿಸುತ್ತಾರೆ. ಹೆನ್ನೆಕೆ ಅವರ ಅಂಕಪಟ್ಟಿ ಹಿಡಿದು ಜನ ಪಕ್ಕೆಲುಬು ಮುಟ್ಟಿ ನೋಡುತ್ತಾರೆ. ಆಮೇಲೆ ಒಪ್ಪಂದ: ಹರಾಜಿಗೆ ಹಾಕುವಂತಿಲ್ಲ, ಮರಿ ಹಾಕಿಸುವಂತಿಲ್ಲ, ಸಾಕಲಾಗದಿದ್ದರೆ ತಂಡಕ್ಕೇ ಹಿಂದಿರುಗಿಸಬೇಕು, ಯಾವಾಗ ಬಂದರೂ ನೋಡಲು ಬಿಡಬೇಕು. ಷರತ್ತುಗಳು ತಂಡದಿಂದ ತಂಡಕ್ಕೆ ಸ್ವಲ್ಪ ಬದಲಾಗಬಹುದು. ಒಡೆಯನಾಗುವುದಕ್ಕೆ ಮೊದಲು ಕಲಿಯಬೇಕೆಂಬುದು ಮಾತ್ರ ಎಲ್ಲೆಡೆಯೂ ಇದೆ. ಆದರೆ ಈ ಮಾದರಿ ಹೊಂದುವುದು ಕುದುರೆ ಹೊಟ್ಟೆಪಾಡಿನ ಆಧಾರವಲ್ಲದ ಸಮಾಜಕ್ಕೆ. ದುಡಿಯುವ ಕುದುರೆಯ ಒಡೆಯನನ್ನು ದತ್ತು ಕೊಡುವವರ ಮುಂದೆ ಪರೀಕ್ಷೆಗೆ ಕೂರಿಸುವುದರಲ್ಲಿ ಅರ್ಥವಿಲ್ಲ. ಕುದುರೆ ಈಗಾಗಲೇ ಅವನದು.

ನೆಲದ ಮೇಲಿನ ನಕ್ಷೆ

ಉತ್ತರ ಭಾರತದ ಇಟ್ಟಿಗೆ ಗೂಡುಗಳಲ್ಲಿ ಹಸಿ ಇಟ್ಟಿಗೆಗಳನ್ನು ಒಣಗಿಸಿದ ಜಾಗದಿಂದ ಗೂಡಿಗೆ ಸಾಗಿಸುವ ಕೆಲಸ ಬಹುಮಟ್ಟಿಗೆ ಕುದುರೆ, ಹೇಸರಗತ್ತೆ ಮತ್ತು ಕತ್ತೆಗಳದು. ಮಳೆಗಾಲ ಮುಗಿದ ಮೇಲೆ ಆರಂಭವಾದರೆ ಮರುವರ್ಷದ ಮಳೆಯವರೆಗೂ ಬಿಡುವಿಲ್ಲ. ಗೂಡಿನ ಮಾಲೀಕನಿಂದ ಮುಂಗಡ ಪಡೆದ ಒಡೆಯನು ಸಾಗಿಸಿದ ಇಟ್ಟಿಗೆಯ ಲೆಕ್ಕದಲ್ಲಿ ಸಾಲ ತೀರಿಸಬೇಕು. ಹೆಚ್ಚು ಹೇರಿದಷ್ಟೂ ಬೇಗ ತೀರುತ್ತದೆ, ಅಷ್ಟೇ ಬೇಗ ಪ್ರಾಣಿ ಸೋಲುತ್ತದೆ. ಕೈರೋದ ಆಸ್ಪತ್ರೆಯಿಂದ ಬೆಳೆದ ಬ್ರೂಕ್ ಸಂಸ್ಥೆ 1992ರಲ್ಲಿ ಭಾರತದಲ್ಲಿ ಕೆಲಸ ಆರಂಭಿಸಿದಾಗ ಮೊದಮೊದಲು ಸಂಚಾರಿ ಚಿಕಿತ್ಸೆಗೆ ಒತ್ತು ಕೊಟ್ಟಿತು. ಕ್ರಮೇಣ ಅದೇ ಹುಣ್ಣು ಅದೇ ಜಾಗದಲ್ಲಿ ಮರಳಿ ಬರುವುದನ್ನು ಕಂಡು ಹಳ್ಳಿಗಳಲ್ಲಿ ಒಡೆಯರ ಗುಂಪುಗಳನ್ನು ಕಟ್ಟುವ ಕಡೆಗೆ ತಿರುಗಿತು. ಈ ಅನುಭವದ ಬಹುಭಾಗ 2011ರಲ್ಲಿ ಪ್ರಕಟವಾದ ಶೇರಿಂಗ್ ದಿ ಲೋಡ್ ಎಂಬ ಕೈಪಿಡಿಯಲ್ಲಿ ದಾಖಲಾಗಿದೆ.

ಜಾನಪದ ಅಧ್ಯಯನಕಾರನಿಗೆ ಆ ಕೈಪಿಡಿ ಅನಿರೀಕ್ಷಿತವಾದ ಆಕರ. ಒಡೆಯರು ನೆಲದ ಮೇಲೆ ಊರಿನ ನಕ್ಷೆ ಬರೆಯುತ್ತಾರೆ. ಯಾರ ಮನೆಯಲ್ಲಿ ಎಷ್ಟು ಪ್ರಾಣಿ, ನೀರಿನ ತೊಟ್ಟಿ ಎಲ್ಲಿ, ಲಾಳ ಕಟ್ಟುವವನು ಎಲ್ಲಿ ಎಂಬುದನ್ನು ಕೈಗೆ ಸಿಕ್ಕಿದ ವಸ್ತುಗಳಿಂದ ಗುರುತಿಸುತ್ತಾರೆ. ನಮ್ಮ ಹೆಂಗಸರ ರಂಗೋಲಿಯನ್ನೂ ಮಕ್ಕಳ ಮಣ್ಣಿನಾಟವನ್ನೂ ನೆನಪಿಸುವ ಈ ನಕ್ಷೆಗೆ ಅಕ್ಷರ ಬೇಕಿಲ್ಲ. ಇನ್ನೊಂದು ಅಭ್ಯಾಸದ ಹೆಸರು ‘ನಾನು ಕುದುರೆಯಾಗಿದ್ದರೆ’. ತಾನೇ ಕುದುರೆಯಾಗಿದ್ದರೆ ಒಡೆಯನಿಂದ ಏನೇನು ಬಯಸುತ್ತಿದ್ದೆ ಎಂದು ಒಬ್ಬೊಬ್ಬರೂ ಹೇಳುತ್ತಾರೆ: ಹೊತ್ತಿಗೆ ನೀರು, ನೆರಳು, ಹದವಾದ ಹೇರು, ಗಾಯಕ್ಕೆ ಔಷಧ. ಬಳಿಕ ತಾವು ಅವುಗಳಲ್ಲಿ ಎಷ್ಟನ್ನು ಕೊಡುತ್ತಿದ್ದೇವೆಂದು ತಮಗೆ ತಾವೇ ಅಂಕ ಹಾಕಿಕೊಳ್ಳುತ್ತಾರೆ. ಬ್ಲ್ಯಾಕ್ ಬ್ಯೂಟಿಯಲ್ಲಿ ಲೇಖಕಿ ಕುದುರೆಯ ಬಾಯಿಂದ ಒಡೆಯನಿಗೆ ಬುದ್ಧಿ ಹೇಳಿಸಿದರು. ಇಲ್ಲಿ ಒಡೆಯನೇ ಕುದುರೆಯ ವೇಷ ತೊಡುತ್ತಾನೆ. ಕೀಲುಕುದುರೆಯ ಕಲಾವಿದನು ಸೊಂಟಕ್ಕೆ ಕುದುರೆ ಕಟ್ಟಿಕೊಂಡು ಸವಾರನೂ ತಾನೇ, ಕುದುರೆಯ ಕಾಲೂ ತಾನೇ ಆಗಿ ಕುಣಿಯುವುದನ್ನು ಕಂಡವರಿಗೆ ಈ ಕಲ್ಪನೆ ಹೊಸದೆನಿಸದು.

ಗುಂಪಿನವರೆಲ್ಲ ಸೇರಿ ಒಂದೊಂದೇ ಮನೆಗೆ ಹೋಗಿ ಪ್ರಾಣಿಗಳನ್ನು ಪರೀಕ್ಷಿಸಿ ಕೆಂಪು, ಹಳದಿ, ಹಸಿರು ಗುರುತು ಹಾಕುವುದು ಮೂರನೆಯ ಅಭ್ಯಾಸ. ಸುಳಿ ನೋಡುವ ಕಣ್ಣಿನ ತೀಕ್ಷ್ಣತೆಯೇ ಇಲ್ಲಿಯೂ ಕೆಲಸ ಮಾಡುತ್ತದೆ. ನೋಡುವ ಜಾಗ ಮಾತ್ರ ಬೇರೆ. ಹೊರಗಿನ ಅಧಿಕಾರಿ ಬಂದು ಬೈದರೆ ತಲೆತಗ್ಗಿಸಿ ಮರೆತುಬಿಡುವವನು ನೆರೆಯವನ ಎದುರು ಕೆಂಪು ಗುರುತು ಪಡೆದದ್ದನ್ನು ಮರೆಯುವುದಿಲ್ಲ. ಈ ಗುಂಪುಗಳು ಹಣ ಕೂಡಿಸಿ ಒಟ್ಟಿಗೆ ಮೇವು ಕೊಂಡವು, ಲಾಳ ಕಟ್ಟುವವನೊಂದಿಗೆ ಒಟ್ಟಾಗಿ ದರ ಮಾತನಾಡಿದವು. ಎಲ್ಲೆಡೆ ಯಶಸ್ವಿಯಾದವೆಂದು ಇದರ ಅರ್ಥವಲ್ಲ. ಮುಂಗಡದ ಸಾಲವನ್ನು ಯಾವ ನಕ್ಷೆಯೂ ಅಳಿಸಲಾರದು.

ಇಲ್ಲಿ ನಮ್ಮ ಶಿಸ್ತಿನ ಬಗ್ಗೆಯೂ ಒಂದು ಮಾತು ಹೇಳಬೇಕು. ದೇಸಿ ಜ್ಞಾನವೆಂದ ಕೂಡಲೇ ಎಲ್ಲವನ್ನೂ ಕೊಂಡಾಡುವ ಪ್ರವೃತ್ತಿ ಜಾನಪದ ವಿದ್ವಾಂಸರಲ್ಲಿದೆ. ಕುಂಟುವ ಕಾಲಿಗೆ ಕಾದ ಕಬ್ಬಿಣದಿಂದ ಬರೆ ಹಾಕುವುದು ದೇಸಿ ಚಿಕಿತ್ಸೆಯೇ ಹೌದು. ಅದರಿಂದ ಪ್ರಾಣಿಗೆ ನೋವಲ್ಲದೆ ಬೇರೇನೂ ಲಭಿಸುವುದಿಲ್ಲ. ಕೆಟ್ಟ ಸುಳಿಯೆಂದು ಸಾಧು ಕುದುರೆಯೊಂದು ಸಂತೆಯಿಂದ ಸಂತೆಗೆ ಅಗ್ಗವಾಗುತ್ತ ಹೋಗುವುದನ್ನು ‘ಲೋಕದೃಷ್ಟಿ’ ಎಂದು ಕರೆದು ಸುಮ್ಮನಾಗಲು ಬಾರದು. ಹಾಗೆಂದು ಒಡೆಯನಿಗೆ ತಿಳಿದಿರುವುದೆಲ್ಲ ಮೌಢ್ಯವೆಂಬ ದಯಾಸಂಘಗಳ ಹಳೆಯ ಧೋರಣೆಯೂ ಅಷ್ಟೇ ಕುರುಡು.

ಈ ಎರಡನೆಯ ಮಾತಿಗೆ ನನ್ನ ತಪ್ಪೇ ನಿದರ್ಶನ. ಡಾಕ್ಟರೇಟ್ ಪದವಿಯ ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಮೈಸೂರಿನ ಹಿರಿಯ ಟಾಂಗಾದವರೊಬ್ಬರನ್ನು ಭೇಟಿಯಾಗಿದ್ದೆ. ಸುಳಿಗಳ ಹೆಸರು, ಅವುಗಳ ಫಲ, ಅವುಗಳ ಕುರಿತ ಕಥೆ ಇಷ್ಟೇ ನನ್ನ ಪ್ರಶ್ನಾವಳಿ. ಅವರು ತಾಳ್ಮೆಯಿಂದ ಉತ್ತರಿಸಿದರು. ನಡುವೆ ಒಮ್ಮೆ, “ಕುದುರೆ ಬೆನ್ನಲ್ಲಿ ಹುಣ್ಣು ಕಂಡ್ರೆ ನಾಲ್ಕು ಜನ ಬಂದು ಬೈತಾರೆ ಸ್ವಾಮಿ. ನಾಲ್ಕು ದಿನ ಗಾಡಿ ಕಟ್ಬೇಡ ಅಂತಾರೆ. ಆ ನಾಲ್ಕು ದಿನದ ಹುರುಳಿ ಯಾರು ಕೊಡ್ತಾರೆ?” ಎಂದರು. ನಾನು ಮುಂದಿನ ಸುಳಿಯ ಹೆಸರು ಕೇಳಿದೆ.

ಆ ನಂತರದ ವರ್ಷಗಳಲ್ಲಿ ಟಾಂಗಾಗಳು ವಿರಳವಾದವು. ಮುಂಬಯಿಯಲ್ಲಿ ವಿಹಾರದ ಕುದುರೆ ಗಾಡಿಗಳು ಕಾನೂನುಬಾಹಿರವೆಂದು 2015ರಲ್ಲಿ ಉಚ್ಚ ನ್ಯಾಯಾಲಯ ತೀರ್ಪಿತ್ತಾಗ ಒಡೆಯರ ಪುನರ್ವಸತಿಯ ಪ್ರಶ್ನೆ ಕುದುರೆಗಳ ಪುನರ್ವಸತಿಯ ಪ್ರಶ್ನೆಯೊಂದಿಗೇ ಎದ್ದಿತು. ಜಾನುವಾರು ಗಣತಿಯಂತೆ ದೇಶದ ಕುದುರೆ ಮತ್ತು ತಟ್ಟುಗಳ ಸಂಖ್ಯೆ 2012ರಲ್ಲಿ ಆರು ಲಕ್ಷಕ್ಕೂ ಹೆಚ್ಚಿದ್ದುದು 2019ರಲ್ಲಿ ಸುಮಾರು 3.4 ಲಕ್ಷಕ್ಕೆ ಇಳಿಯಿತು. ಕತ್ತೆಗಳ ಇಳಿಕೆ ಇನ್ನೂ ತೀವ್ರ. ಪ್ರಾಣಿಯ ಜೊತೆಗೇ ಅದನ್ನು ಸಾಕುವ ತಿಳಿವೂ ಕರಗುತ್ತಿದೆ. ಉಳಿದ ಕುದುರೆಗಳು ಮದುವೆಯ ಮೆರವಣಿಗೆಗೂ ಪ್ರವಾಸಿ ತಾಣಗಳ ಸವಾರಿಗೂ ಹೋಗುತ್ತಿರುವಾಗ ಅವುಗಳ ಹೊಸ ಒಡೆಯರಲ್ಲಿ ಅನೇಕರಿಗೆ ಲಾಯದ ಹಿನ್ನೆಲೆಯಿಲ್ಲ. ಶಿಬಿರಗಳ ಅಗತ್ಯ ಕಡಿಮೆಯಾಗಿಲ್ಲ, ಪಾಠ ಹೇಳಬಲ್ಲ ಹಿರಿಯರು ಕಡಿಮೆಯಾಗಿದ್ದಾರೆ.

ಈ ಲೇಖನಕ್ಕೆ ಸಿದ್ಧತೆ ಮಾಡಿಕೊಳ್ಳುವಾಗ ಆ ಹಳೆಯ ಧ್ವನಿಮುದ್ರಣವನ್ನು ಮತ್ತೆ ಕೇಳಿದೆ. ಸುಳಿಗಳ ಪಟ್ಟಿ ಮುಗಿದ ಮೇಲೆ ಅವರು, ಕುದುರೆ ಸರಿಯಾಗಿ ತಿನ್ನುತ್ತಿದೆಯೋ ಇಲ್ಲವೋ ತಿಳಿಯಲು ತಾವು ದಿನವೂ ಬೆಳಗ್ಗೆ ಪಕ್ಕೆಯ ಮೇಲೆ ಅಂಗೈ ಆಡಿಸುತ್ತಿದ್ದುದನ್ನು ಹೇಳಿದ್ದರು. ಎಲುಬು ಕಣ್ಣಿಗೆ ಕಾಣಕೂಡದು, ಕೈಗೆ ಸಿಗಬೇಕು ಎಂಬುದು ಅವರ ಮಾತು. ಹೆನ್ನೆಕೆ ಅವರ ಅಂಕಪಟ್ಟಿಯಲ್ಲಿ ಅದು 5. ಬರಹಕ್ಕಿಳಿಸಿದ ನನ್ನ ಹಸ್ತಪ್ರತಿಯಲ್ಲಿ ಆ ಭಾಗವಿಲ್ಲ. ಅಂಚಿನಲ್ಲಿ ‘ಇತರ ವಿಷಯ, ಬಿಟ್ಟಿದೆ’ ಎಂದು ನನ್ನದೇ ಅಕ್ಷರದಲ್ಲಿ ಬರೆದಿದೆ.